ಚಿಕ್ಕ ಹಾಯಿದೋಣಿಗೆ ಔಟ್‌ಬೋರ್ಡ್ ಮೋಟಾರ್ ಆರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಔಟ್‌ಬೋರ್ಡ್ ಎಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ತಗುಲಿಸುವ ಮೋಟಾರ್. ಇಲ್ಲಿರುವುದೆಲ್ಲ 18ರಿಂದ 26 ಅಡಿಯೊಳಗಿನ ಹಾಯಿದೋಣಿಗಳ ಮಾತು. ಉದಾಹರಣೆ ಬೇಕಾದಾಗಲೆಲ್ಲ ಕ್ಯಾಟಲಿನಾ 22 ದೋಣಿಯನ್ನು ತೆಗೆದುಕೊಂಡಿದ್ದೇನೆ. ಅಮೆರಿಕದಲ್ಲಿ ಇದನ್ನು 15,000ಕ್ಕೂ ಹೆಚ್ಚು ಕಟ್ಟಿದ್ದಾರೆ, ಹಳೆಯದು ಸುಲಭವಾಗಿ ಸಿಗುತ್ತದೆ. ಅಲ್ಲಿರುವ ಕನ್ನಡಿಗರು ಮೊದಲ ದೋಣಿ ಹುಡುಕಲು ಹೊರಟರೆ ಇದು ಕಣ್ಣಿಗೆ ಬೀಳದೆ ಇರುವುದಿಲ್ಲ. ಮುಂಬೈಯಲ್ಲಿ, ನಮ್ಮ ಕರಾವಳಿಯಲ್ಲಿ ಏನಾದರೂ ಬೇರೆ ಇದ್ದರೆ ಅದನ್ನು ಅಲ್ಲಲ್ಲೇ ಹೇಳಿದ್ದೇನೆ.

ಹಾಯಿ ಇದೆಯಲ್ಲ, ಮೋಟಾರ್ ಯಾಕೆ ಬೇಕು?

ಮೂರು ಹೊತ್ತಿನಲ್ಲಿ ಬೇಕು. ದಕ್ಕೆಯಿಂದ ಹೊರಡುವಾಗ, ದಕ್ಕೆಗೆ ವಾಪಸ್ ಬರುವಾಗ, ಗಾಳಿ ಪೂರ್ತಿ ಬಿದ್ದುಹೋದಾಗ. ಸೆಳೆತ ಇರುವ ಕಡೆ ನಾಲ್ಕನೆಯ ಹೊತ್ತೂ ಬರುತ್ತದೆ: ಗಾಳಿ ಸ್ವಲ್ಪ ಇದೆ, ಆದರೆ ನೀರು ನಿಮ್ಮನ್ನು ಹಿಂದಕ್ಕೆ ಎಳೆಯುತ್ತಿದೆ. ಮುಂಬೈ ಬಂದರಿನಲ್ಲಿ ದೊಡ್ಡ ಭರತದ ದಿನ ನೀರು 4 ಮೀಟರ್‌ಗೂ ಹೆಚ್ಚು ಏರಿ ಇಳಿಯುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಸೇತುವೆಯ ಕೆಳಗೆ ಇಳಿತದ ಸೆಳೆತ 4 ನಾಟ್ (ಗಂಟೆಗೆ ಸುಮಾರು 7 ಕಿಲೋಮೀಟರ್) ದಾಟುವ ದಿನಗಳಿವೆ. ಅಂಥ ಕಡೆ ಮೋಟಾರ್ ಇಲ್ಲದೆ ಹೊರಟರೆ ಮನೆಗೆ ಯಾವಾಗ ಮುಟ್ಟುತ್ತೀರಿ ಎಂಬುದು ನಿಮ್ಮ ಕೈಯಲ್ಲಿರುವುದಿಲ್ಲ.

ಆಪ್ಟಿಮಿಸ್ಟ್, ಲೇಸರ್ ತರದ ಪುಟ್ಟ ದೋಣಿಗಳಿಗೆ ಮೋಟಾರ್ ಬೇಡ. ಒಂದು ಹುಟ್ಟು ಸಾಕು.

ಎಷ್ಟು ಎಚ್‌ಪಿ ಬೇಕು?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದೇ. ನನ್ನ ಪ್ರಕಾರ ಎಲ್ಲಕ್ಕಿಂತ ಸುಲಭದ ಪ್ರಶ್ನೆಯೂ ಇದೇ. ತುಂಬಿದ ದೋಣಿಯ ತೂಕ ಒಂದು ಟನ್‌ಗೆ ಸುಮಾರು 4 ಎಚ್‌ಪಿ ಎಂದು ಲೆಕ್ಕ ಹಿಡಿಯಿರಿ. ಕ್ಯಾಟಲಿನಾ 22 ಖಾಲಿ ಇದ್ದಾಗ ಸುಮಾರು ಒಂದು ಟನ್. ಮೂರು ಜನ, ಲಂಗರು, ನೀರು, ಬ್ಯಾಟರಿ, ಊಟದ ಡಬ್ಬ ಎಲ್ಲ ಸೇರಿದರೆ 1,300 ಕೆಜಿ ದಾಟುತ್ತದೆ. ಅಂದರೆ 5ರಿಂದ 6 ಎಚ್‌ಪಿ. ಅಷ್ಟೇ.

ನಿಂತ ನೀರಿನಲ್ಲಿ ಇದರ ಅರ್ಧ ಸಾಕು. ಉಳಿದರ್ಧ ಇರುವುದು ಎದುರು ಗಾಳಿಗೆ, ಅಲೆಗೆ, ಸೆಳೆತಕ್ಕೆ. ಕೆರೆ, ಜಲಾಶಯದಲ್ಲಿ ಮಾತ್ರ ಓಡಿಸುವವರು 3.5 ಎಚ್‌ಪಿಯಲ್ಲಿ ಆರಾಮಾಗಿ ಇರಬಹುದು. ಕಡಲಿಗೆ, ದೊಡ್ಡ ಕೊಲ್ಲಿಗೆ ಹೋಗುವವರು 6ಕ್ಕಿಂತ ಕೆಳಗೆ ಇಳಿಯದಿರುವುದು ಒಳ್ಳೆಯದು. 25-26 ಅಡಿಯ, ಎರಡು ಟನ್ ಮೀರಿದ ದೋಣಿಗೆ 8ರಿಂದ 9.9.

ಇನ್ನೊಂದು ವಿಷಯ ಗೊತ್ತಿರಲಿ. ಟೊಹಾಟ್ಸುವಿನ 4, 5, 6 ಎಚ್‌ಪಿ ಫೋರ್-ಸ್ಟ್ರೋಕ್ ಮೂರರ ಎಂಜಿನ್ ಒಂದೇ, 123 ಸಿಸಿ. ಸುಜುಕಿಯ 4, 5, 6 ಕೂಡ ಹಾಗೇ, 138 ಸಿಸಿ. ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಹಾಗಾಗಿ 4 ತಗೊಳ್ಳಲಾ 6 ತಗೊಳ್ಳಲಾ ಎಂದು ತಲೆ ಕೆಡಿಸಿಕೊಂಡಿದ್ದರೆ 6 ತಗೊಳ್ಳಿ. ತೂಕ ನಿಜವಾಗಿ ಜಿಗಿಯುವುದು ಎರಡು ಸಿಲಿಂಡರಿನ 8, 9.9ಕ್ಕೆ ಹೋದಾಗ.

10 ಎಚ್‌ಪಿ ಹಾಕಿದರೆ ಇನ್ನೂ ಜೋರಾಗಿ ಹೋಗುವುದಿಲ್ಲವೇ?

ಇಲ್ಲ. ಸ್ಪೀಡ್‌ಬೋಟ್ ನೀರಿನ ಮೇಲೆ ಎದ್ದು ಜಾರುತ್ತದೆ. ಕೀಲ್ (ತಳದಿಂದ ನೀರಿಗೆ ಚಾಚಿದ ಭಾರದ ರೆಕ್ಕೆ) ಇರುವ ಹಾಯಿದೋಣಿ ನೀರನ್ನು ಸರಿಸಿಕೊಂಡೇ ಹೋಗಬೇಕು. ಅದು ಮುಂದೆ ಎಬ್ಬಿಸುವ ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮ ಆದಾಗ ದೋಣಿ ತನ್ನದೇ ಅಲೆಯ ತಗ್ಗಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಎಷ್ಟು ಶಕ್ತಿ ಸುರಿದರೂ ಹಿಂಭಾಗ ಕುಸಿಯುತ್ತದೆ, ಸದ್ದು ಜಾಸ್ತಿ ಆಗುತ್ತದೆ, ವೇಗ ಮಾತ್ರ ಏರುವುದಿಲ್ಲ.

ಈ ಮಿತಿಯನ್ನು ಲೆಕ್ಕ ಹಾಕಬಹುದು. ನೀರಿನ ಮಟ್ಟದಲ್ಲಿ ದೋಣಿಯ ಉದ್ದವನ್ನು ಅಡಿಯಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿ. ಬರುವ ಸಂಖ್ಯೆ ನಾಟ್‌ನಲ್ಲಿರುತ್ತದೆ. ಕ್ಯಾಟಲಿನಾ 22ರ ನೀರಿನ ಮಟ್ಟದ ಉದ್ದ 19.3 ಅಡಿ. ಮಿತಿ 5.9 ನಾಟ್, ಅಂದರೆ ಗಂಟೆಗೆ ಸುಮಾರು 11 ಕಿಲೋಮೀಟರ್. 6 ಎಚ್‌ಪಿ ಮೋಟಾರ್ ಇದರ ಹತ್ತಿರ ಹತ್ತಿರ ಒಯ್ಯುತ್ತದೆ. 10 ಎಚ್‌ಪಿ ಹಾಕಿ ಗಳಿಸುವುದು ಅರ್ಧ ನಾಟ್ ಇರಬಹುದು. ಅದಕ್ಕಾಗಿ ಹಿಂಬದಿಯಲ್ಲಿ ಹದಿನೈದು ಕೆಜಿ ಜಾಸ್ತಿ ಹೊರಬೇಕು.

ಶಾರ್ಟ್ ಶಾಫ್ಟಾ, ಲಾಂಗ್ ಶಾಫ್ಟಾ?

ದಯವಿಟ್ಟು ಇದನ್ನು ನಿಧಾನವಾಗಿ ಓದಿ. ಎಚ್‌ಪಿ ಒಂದೆರಡು ಹೆಚ್ಚುಕಡಿಮೆ ಆದರೆ ನಡೆಯುತ್ತದೆ. ಶಾಫ್ಟ್, ಅಂದರೆ ಎಂಜಿನ್‌ನಿಂದ ಪ್ರೊಪೆಲ್ಲರ್ ತನಕ ಇಳಿಯುವ ಕಾಲು, ಅದರ ಉದ್ದ ತಪ್ಪಿದರೆ ಮೋಟಾರ್ ಅತಿ ಬೇಕಾದ ಗಳಿಗೆಯಲ್ಲಿ ಕೈ ಕೊಡುತ್ತದೆ.

ಅಳತೆ ಮೂರು: ಶಾರ್ಟ್ 15 ಇಂಚು (38 ಸೆಂಮೀ), ಲಾಂಗ್ 20 ಇಂಚು (51 ಸೆಂಮೀ), ಎಕ್ಸ್‌ಟ್ರಾ ಲಾಂಗ್ 25 ಇಂಚು (63 ಸೆಂಮೀ ಚಿಲ್ಲರೆ). ಮೋಟಾರ್ ಹಲಗೆಯ ಮೇಲೆ ಕೂರುವ ಜಾಗದಿಂದ, ಪ್ರೊಪೆಲ್ಲರಿನ ಮೇಲಿರುವ ಚಪ್ಪಟೆ ತಟ್ಟೆಯ ತನಕ ಇರುವ ಉದ್ದ ಇದು. ಆ ತಟ್ಟೆ ನೀರಿನ ಮೇಲಿನ ಗಾಳಿಯನ್ನು ಪ್ರೊಪೆಲ್ಲರ್ ಒಳಗೆ ಎಳೆದುಕೊಳ್ಳದಂತೆ ತಡೆಯುತ್ತದೆ.

ಹಾಯಿದೋಣಿಯ ಕಷ್ಟ ಏನೆಂದರೆ ಅದು ಮುಂದೆ ಹಿಂದೆ ತೂಗುತ್ತದೆ. ಅಲೆ ಹತ್ತಿ ಇಳಿಯುವಾಗ ಹಿಂಭಾಗ ಮೇಲೇಳುತ್ತದೆ. ಹಾಯಿ ಇಳಿಸಲು ಇಬ್ಬರು ಮುಂದಕ್ಕೆ ಹೋದರೂ ಏಳುತ್ತದೆ. ಶಾಫ್ಟ್ ಗಿಡ್ಡ ಇದ್ದರೆ ಪ್ರೊಪೆಲ್ಲರ್ ಗಾಳಿಗೆ ಬಂದು ಕಿರುಚುತ್ತದೆ, ದೋಣಿ ನಿಲ್ಲುತ್ತದೆ, ಮತ್ತೆ ಮುಳುಗುತ್ತದೆ, ಮತ್ತೆ ಕಿರುಚುತ್ತದೆ. ಪ್ರತಿ ಸಲ ತಂಪು ನೀರು ಎಳೆಯುವುದೂ ತಪ್ಪುತ್ತದೆ, ಎಂಜಿನ್ ಕಾಯುತ್ತದೆ. ಇದೆಲ್ಲ ಆಗುವುದು ಗಾಳಿ ಎದ್ದು, ಅಲೆ ಎದ್ದು, ನೀವು ಹಾಯಿ ಇಳಿಸಿ ಬಂದರಿಗೆ ಓಡುವ ಹೊತ್ತಿನಲ್ಲೇ.

ಅಳೆಯುವುದು ಹೀಗೆ. ದೋಣಿಯನ್ನು ನೀರಿಗೆ ಬಿಡಿ. ಎಂದಿನಷ್ಟು ಜನ, ಸಾಮಾನು ಹತ್ತಿಸಿ. ಬ್ರಾಕೆಟ್ (ಅದೇನೆಂದು ಮುಂದಿನ ಪ್ರಶ್ನೆಯಲ್ಲಿದೆ) ಇದ್ದರೆ ಪೂರ್ತಿ ಕೆಳಗೆ ಇಳಿಸಿ. ಮೋಟಾರ್ ಕೂರುವ ಹಲಗೆಯ ಮೇಲಂಚಿನಿಂದ ನೀರಿನ ತನಕ ಎಷ್ಟು ಸೆಂಟಿಮೀಟರ್ ಇದೆ ನೋಡಿ. 35 ಬಂತು ಎಂದುಕೊಳ್ಳಿ. ಶಾರ್ಟ್ ಶಾಫ್ಟ್ ಹಾಕಿದರೆ ತಟ್ಟೆ ನೀರಿನಿಂದ ಬರೀ 3 ಸೆಂಮೀ ಕೆಳಗೆ. ಸಾಲದು. ಲಾಂಗ್ ಹಾಕಿದರೆ 16 ಸೆಂಮೀ ಕೆಳಗೆ. ಚೆನ್ನಾಗಿದೆ. ಎಕ್ಸ್‌ಟ್ರಾ ಲಾಂಗ್ ಆದರೆ 28. ಅಲೆ ಜಾಸ್ತಿ ಇರುವ ಕಡೆಗೆ ಇದು ಇನ್ನೂ ಒಳ್ಳೆಯದು, ಆದರೆ ಹಾಯಿಯಲ್ಲಿ ಹೋಗುವಾಗ ಇಷ್ಟುದ್ದದ ಕಾಲನ್ನು ನೀರಿನಿಂದ ಪೂರ್ತಿ ಮೇಲೆತ್ತಲು ಆಗುತ್ತದಾ ಎಂದು ಮೊದಲೇ ನೋಡಿಕೊಳ್ಳಬೇಕು.

ಹೆಚ್ಚಿನ ಹಾಯಿದೋಣಿಗಳಿಗೆ ಉತ್ತರ 20 ಅಥವಾ 25. ಕಡಿಮೆ ಬೆಲೆಗೆ ಸಿಕ್ಕಿತು ಎಂದು 15 ಇಂಚಿನದನ್ನು ಮನೆಗೆ ತರಬೇಡಿ.

ಬ್ರಾಕೆಟ್ ಎಂದರೇನು? ಅದು ಬೇಕೇ ಬೇಕಾ?

ಮೋಟಾರನ್ನು ಮೇಲೆ ಕೆಳಗೆ ಮಾಡುವ, ಸ್ಪ್ರಿಂಗ್ ಇರುವ ಚೌಕಟ್ಟು. ದೋಣಿಯ ಹಿಂಬದಿ ಹಲಗೆಗೆ ಬೋಲ್ಟ್ ಹಾಕಿ ಕೂರಿಸುತ್ತಾರೆ. ಹಾಯಿಯಲ್ಲಿ ಹೋಗುವಾಗ ಮೋಟಾರ್ ಮೇಲೆ, ಓಡಿಸುವಾಗ ಕೆಳಗೆ. ಪ್ರೊಪೆಲ್ಲರನ್ನು ನೀರಿನಲ್ಲಿ ಎಳೆದುಕೊಂಡೇ ಹಾಯಿ ನಡೆಸಿದರೆ ದೋಣಿ ಎಷ್ಟು ಮಂಕಾಗುತ್ತದೆ ಎಂಬುದು ಒಂದು ಸಲ ಮೇಲೆತ್ತಿ ನೋಡಿದವರಿಗೆ ಗೊತ್ತು. ಹಿಂಬದಿ ಎತ್ತರ ಇರುವ ದೋಣಿಗೆ ಇದು ಬೇಕೇ ಬೇಕು.

ಕೊಳ್ಳುವಾಗ ಎರಡು ಅಂಕಿ ನೋಡಿ: ಎಷ್ಟು ಕೆಜಿ ತಡೆಯುತ್ತದೆ, ಎಷ್ಟು ಮೇಲೆ ಕೆಳಗೆ ಹೋಗುತ್ತದೆ. ಹಳೆಯ ಬ್ರಾಕೆಟ್‌ಗಳು ಹಗುರದ ಟೂ-ಸ್ಟ್ರೋಕ್ ಕಾಲಕ್ಕೆ ಮಾಡಿದವು. ಅದೇ ಎಚ್‌ಪಿಯ ಫೋರ್-ಸ್ಟ್ರೋಕ್ ತೂಕ ಜಾಸ್ತಿ. ಹಳೆಯ ದೋಣಿಗೆ ಹೊಸ ಮೋಟಾರ್ ಹಾಕುವಾಗ ಬ್ರಾಕೆಟ್ಟನ್ನೂ, ಅದರ ಹಿಂದಿನ ಹಲಗೆಯನ್ನೂ ತಟ್ಟಿ ನೋಡಿ. ಒಳಗಿನ ಮರ ನೀರು ಕುಡಿದು ಮೆತ್ತಗಾಗಿದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಿ.

ಬ್ರಾಕೆಟ್ ಸಾಮಾನ್ಯವಾಗಿ ಚುಕ್ಕಾಣಿಯ ಒಂದು ಪಕ್ಕಕ್ಕಿರುತ್ತದೆ. ದೋಣಿ ಆಚೆ ಪಕ್ಕಕ್ಕೆ ವಾಲಿದರೆ ಪ್ರೊಪೆಲ್ಲರ್ ಮೇಲೆ ಬರುತ್ತದೆ. ಹಾಯಿ ಮತ್ತು ಮೋಟಾರ್ ಎರಡನ್ನೂ ಒಟ್ಟಿಗೆ ಬಳಸುವಾಗ ಇದು ನೆನಪಿರಲಿ.

‘ಹೈ ಥ್ರಸ್ಟ್’, ‘ಸೇಲ್’ ಮಾಡೆಲ್ ಅಂತಾರಲ್ಲ, ಅದಕ್ಕೆ ಜಾಸ್ತಿ ದುಡ್ಡು ಕೊಡಬೇಕಾ?

ಕೊಡಬಹುದು. ಇದು ಸುಮ್ನೆ ಹೆಸರಿಗೆ ಮಾತ್ರ ಇರುವ ವ್ಯತ್ಯಾಸವಲ್ಲ. ಮಾಮೂಲಿ ಔಟ್‌ಬೋರ್ಡಿನ ಪ್ರೊಪೆಲ್ಲರ್ ಹಗುರದ ದೋಣಿಯನ್ನು ಜೋರಾಗಿ ಓಡಿಸಲು ಮಾಡಿದ್ದು. ನಮಗೆ ಬೇಕಾದದ್ದು ಭಾರದ ದೋಣಿಯನ್ನು ನಿಧಾನವಾಗಿ, ಬಲವಾಗಿ ತಳ್ಳುವುದು. ಲೋಡ್ ಲಾರಿ ಶಿರಾಡಿ ಘಾಟಿ ಹತ್ತುವಾಗ ಮೊದಲ ಗೇರಿಗೆ ಬರುವುದಿಲ್ಲವೇ, ಹಾಗೆ.

ಅದಕ್ಕೆ ಎರಡು ದಾರಿ. ಒಂದು, ಪಿಚ್ ಕಡಿಮೆ ಇರುವ ಪ್ರೊಪೆಲ್ಲರ್. ಪಿಚ್ ಎಂದರೆ ಒಂದು ಸುತ್ತಿಗೆ ಅದು ಎಷ್ಟು ಇಂಚು ಮುಂದೆ ಹೋಗಬೇಕು ಎಂಬ ಲೆಕ್ಕ. ಟೊಹಾಟ್ಸುವಿನ 6 ಎಚ್‌ಪಿ ಸೇಲ್ ಪ್ರೊ ಇಂಥ ಪ್ರೊಪೆಲ್ಲರಿನೊಂದಿಗೇ ಬರುತ್ತದೆ, ಶಾಫ್ಟ್ 20 ಅಥವಾ 25 ಇಂಚು, ಜೊತೆಗೆ ಬ್ಯಾಟರಿ ಚಾರ್ಜ್ ಮಾಡುವ ಕಾಯಿಲ್. ಎರಡು, ಗೇರನ್ನೇ ಬದಲಿಸುವುದು. ಯಮಹಾದ ಮಾಮೂಲಿ ಎಫ್ 9.9ರಲ್ಲಿ ಗೇರ್ ಅನುಪಾತ 2.08. ಹೈ ಥ್ರಸ್ಟ್ ಟಿ 9.9ರಲ್ಲಿ 2.92. ಎಂಜಿನ್ ಅಷ್ಟೇ ಸುತ್ತಿದರೂ ಪ್ರೊಪೆಲ್ಲರ್ ನಿಧಾನ ತಿರುಗುತ್ತದೆ, ಆದ್ದರಿಂದ ದೊಡ್ಡ ಪ್ರೊಪೆಲ್ಲರ್ ಹಾಕಬಹುದು.

ರಿವರ್ಸ್‌ನಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಬಹಳಷ್ಟು ಔಟ್‌ಬೋರ್ಡ್‌ಗಳ ಹೊಗೆ ಪ್ರೊಪೆಲ್ಲರಿನ ನಡುವಿನಿಂದ ಹೊರಬರುತ್ತದೆ. ರಿವರ್ಸ್ ಹಾಕಿದರೆ ಪ್ರೊಪೆಲ್ಲರ್ ಅದೇ ಹೊಗೆಯನ್ನು ನುಂಗಿ ಹಿಡಿತ ಕಳೆದುಕೊಳ್ಳುತ್ತದೆ. ಹೈ ಥ್ರಸ್ಟ್ ಮಾಡೆಲ್‌ಗಳಲ್ಲಿ ಹೊಗೆಯನ್ನು ಬೇರೆ ಕಡೆ ತಿರುಗಿಸುವ ವ್ಯವಸ್ಥೆ ಇರುವುದುಂಟು. ಒಂದೂವರೆ ಟನ್ ದೋಣಿ ದಕ್ಕೆಯ ಕಡೆ ತೇಲಿ ಬರುತ್ತಿರುವಾಗ ಅದನ್ನು ನಿಲ್ಲಿಸುವುದು ಈ ರಿವರ್ಸ್ ಒಂದೇ.

ಈಗಾಗಲೇ ಮಾಮೂಲಿ ಮೋಟಾರ್ ಇದೆಯಾ? ಮಾರಬೇಡಿ. ಮೊದಲು ಕಡಿಮೆ ಪಿಚ್‌ನ ಪ್ರೊಪೆಲ್ಲರ್ ಮಾತ್ರ ಬದಲಿಸಿ ನೋಡಿ.

ತೂಕ ಎಷ್ಟು ಮುಖ್ಯ?

ತುಂಬಾ ಮುಖ್ಯ. ಅಂಗಡಿಯಲ್ಲಿ ನಿಂತಾಗ ಇದು ತಲೆಗೇ ಹೊಳೆಯುವುದಿಲ್ಲ. 2.5 ಎಚ್‌ಪಿಯವು 13-18 ಕೆಜಿ. ಒಂದು ಸಿಲಿಂಡರಿನ 6 ಎಚ್‌ಪಿ ಸುಮಾರು 25-27 ಕೆಜಿ. 8, 9.9ಕ್ಕೆ ಹೋದರೆ 38ರಿಂದ ಶುರುವಾಗಿ ಹೈ ಥ್ರಸ್ಟ್, ಸೆಲ್ಫ್ ಸ್ಟಾರ್ಟ್ ಸೇರಿ 45 ದಾಟುತ್ತದೆ. 27 ಕೆಜಿಯನ್ನು ಅಲುಗಾಡುವ ದೋಣಿಯ ತುದಿಯಲ್ಲಿ ಬಗ್ಗಿ ಎತ್ತುವುದೇ ಕಷ್ಟ. 45 ಕೆಜಿಯನ್ನು ಒಬ್ಬರು ಎತ್ತುವ ಮಾತೇ ಇಲ್ಲ.

ಹಿಂಬದಿಯ ತುತ್ತತುದಿಯಲ್ಲಿ ತೂಕ ನೇತಾಡಿದರೆ ದೋಣಿ ಹಿಂದಕ್ಕೆ ಕೂರುತ್ತದೆ, ಹಾಯಿಯಲ್ಲಿ ನಿಧಾನವಾಗುತ್ತದೆ. ಜೆ/24 ತರದ ರೇಸ್ ದೋಣಿಯವರು 3.5-4 ಎಚ್‌ಪಿಯ ಪುಟ್ಟ ಮೋಟಾರ್ ಇಟ್ಟುಕೊಂಡು, ರೇಸ್ ಶುರುವಾಗುವ ಮೊದಲು ಅದನ್ನು ಬಿಚ್ಚಿ ಒಳಗೆ ಇಡುವುದು ಇದಕ್ಕೇ.

ಟೂ-ಸ್ಟ್ರೋಕ್ ಹಗುರ ಅಲ್ವಾ? ಅದನ್ನೇ ತಗೊಂಡರೆ?

ಹಗುರ ನಿಜ, ಸರಳ ನಿಜ, ರಿಪೇರಿಯೂ ಸುಲಭ. ಆದರೆ ಅಮೆರಿಕ, ಯುರೋಪ್‌ನಲ್ಲಿ ಹೊಗೆಯ ನಿಯಮಗಳಿಂದ ಹಳೆ ತರದ ಹೊಸ ಟೂ-ಸ್ಟ್ರೋಕ್ ಮಾರಾಟ ನಿಂತೇ ಹೋಗಿದೆ. ಸಿಗುವುದೆಲ್ಲ ಸೆಕೆಂಡ್ ಹ್ಯಾಂಡ್. ಕೆಲವು ಕೆರೆಗಳಲ್ಲಿ ಅವನ್ನು ಓಡಿಸಲೂ ಬಿಡುವುದಿಲ್ಲ. ಔಟ್‌ಬೋರ್ಡ್ ಎಂದರೆ ಎವಿನ್‌ರೂಡ್ ಎನ್ನುವ ಕಾಲವಿತ್ತು. ಓಲೆ ಎವಿನ್‌ರೂಡ್ 1909ರಲ್ಲಿ ಮಿಲ್ವಾಕಿಯಲ್ಲಿ ಶುರು ಮಾಡಿದ ಆ ಹೆಸರಿನ ಮೋಟಾರ್ ತಯಾರಿಕೆ 2020ರಲ್ಲಿ ನಿಂತಿತು. ಹಳೆಯ ದೋಣಿಯ ಜೊತೆ ಎವಿನ್‌ರೂಡ್ ಅಥವಾ ಜಾನ್ಸನ್ ಬಂದರೆ ಓಡುವಷ್ಟು ದಿನ ಓಡಿಸಿ, ಆದರೆ ಅದಕ್ಕೆಂದೇ ಹೆಚ್ಚು ಹಣ ಕೊಡಬೇಡಿ.

ಫೋರ್-ಸ್ಟ್ರೋಕ್ ಸದ್ದು ಕಡಿಮೆ, ವಾಸನೆ ಕಡಿಮೆ, ಪೆಟ್ರೋಲ್ ಕಡಿಮೆ. ನಿಧಾನದಲ್ಲಿ ನಿಲ್ಲದೆ ಓಡುತ್ತದೆ. ಹಾಯಿದೋಣಿಗೆ ಇವೆಲ್ಲ ಬೇಕು.

ಮಲ್ಪೆ, ಗಂಗೊಳ್ಳಿ, ಹೊನ್ನಾವರದ ನಾಡದೋಣಿಗಳಲ್ಲಿ ಓಡುವ ಸೀಮೆಎಣ್ಣೆ ಎಂಜಿನ್ ನನ್ನ ಹಾಯಿದೋಣಿಗೆ ಆಗುತ್ತದಾ?

ಕೂರುತ್ತದೆ, ಓಡುತ್ತದೆ. ಆದರೂ ನಾನು ಬೇಡ ಎನ್ನುತ್ತೇನೆ. ಆ ಎಂಜಿನ್‌ಗಳನ್ನು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸುತ್ತಾರೆ. ದಿನವಿಡೀ ಬಲೆ, ಮೀನು ಹೊತ್ತು ಓಡಾಡಲು ಅವು ಗಟ್ಟಿಮುಟ್ಟು. ನಮ್ಮದು ಹತ್ತು ನಿಮಿಷ ಓಡಿಸಿ ನಿಲ್ಲಿಸುವ ಕೆಲಸ. ಹೊಗೆ, ಸದ್ದು ಬೇರೆ. ಹಾಯಿದೋಣಿಯಲ್ಲಿ ಎಲ್ಲರೂ ಕೂರುವುದು ಎಂಜಿನ್ನಿನ ಪಕ್ಕದಲ್ಲೇ ಅಲ್ವಾ?

ಆದರೆ ಅಲ್ಲಿಂದ ಕಲಿಯಬೇಕಾದ ಒಂದು ವಿಷಯ ಇದೆ. ಆ ಊರುಗಳಲ್ಲಿ ಯಾವ ಕಂಪನಿಯ ಎಂಜಿನ್‌ಗೆ ಮೆಕ್ಯಾನಿಕ್ ಇದ್ದಾರೆ, ಯಾವುದರ ಇಂಪೆಲ್ಲರ್ (ತಂಪು ನೀರು ಎಳೆಯುವ ಪಂಪಿನ ರಬ್ಬರ್ ಚಕ್ರ), ಗ್ಯಾಸ್ಕೆಟ್ ಅದೇ ದಿನ ಸಿಗುತ್ತದೆ ಎಂದು ಮೀನುಗಾರರನ್ನು ಕೇಳಿ. ಅದೇ ಕಂಪನಿಯ ಚಿಕ್ಕ ಫೋರ್-ಸ್ಟ್ರೋಕ್ ತಗೊಳ್ಳಿ. ಅಳಿವೆ ಬಾಗಿಲು ದಾಟುವ ವಿಷಯದಲ್ಲೂ ಅವರ ಮಾತೇ ಕೊನೆಯ ಮಾತು. ಮರಳು ದಿಬ್ಬದ ಮೇಲೆ ಅಲೆ ಒಡೆಯುತ್ತಿರುವಾಗ 6 ಎಚ್‌ಪಿ ನಂಬಿಕೊಂಡು ಹಾಯಿದೋಣಿಯನ್ನು ಒಳಗೆ ತರುವುದು ಅಪಾಯ. ಭರತಕ್ಕೆ ಕಾಯಿರಿ.

ಎಲೆಕ್ಟ್ರಿಕ್ ಮೋಟಾರ್ ಈಗ ಸಾಕಷ್ಟು ಒಳ್ಳೆಯದಾಗಿದೆಯಾ?

ನೀವು ಎಲ್ಲಿ ಓಡಿಸುತ್ತೀರಿ ಎಂಬುದರ ಮೇಲೆ ಹೋಗುತ್ತದೆ. ಕೆರೆ, ಜಲಾಶಯ, ಸೆಳೆತ ಇಲ್ಲದ ಕೊಲ್ಲಿ ಆದರೆ ಖಂಡಿತ ಹೌದು. ಸದ್ದಿಲ್ಲ, ಹೊಗೆಯಿಲ್ಲ, ಕಾರ್ಬ್ಯುರೇಟರ್ ಇಲ್ಲ, ಹಗ್ಗ ಎಳೆಯುವುದಿಲ್ಲ. ಕುಡಿಯುವ ನೀರಿನ ಕೆರೆಗಳಲ್ಲಿ ಪೆಟ್ರೋಲ್ ಎಂಜಿನ್ ಬಿಡದ ಕಡೆ ಇದೊಂದೇ ದಾರಿ.

ಲೆಕ್ಕ ಮಾತ್ರ ಸರಿಯಾಗಿ ಮಾಡಿ. ಟಾರ್ಕೀಡೊ ಟ್ರಾವೆಲ್ 1103 ಮೋಟಾರಿನ ಶಕ್ತಿ 1,100 ವ್ಯಾಟ್, ಬ್ಯಾಟರಿ 915 ವ್ಯಾಟ್-ಅವರ್. ಪೂರ್ತಿ ಶಕ್ತಿಯಲ್ಲಿ 50 ನಿಮಿಷ. ಅಷ್ಟೇನಾ ಅನಿಸಬಹುದು. ಆದರೆ ನೀರಿನಲ್ಲಿ ವೇಗ ಸ್ವಲ್ಪ ಇಳಿಸಿದರೆ ಬೇಕಾಗುವ ಶಕ್ತಿ ತುಂಬಾ ಇಳಿಯುತ್ತದೆ, ಹೆಚ್ಚುಕಡಿಮೆ ವೇಗದ ಘನದ ಲೆಕ್ಕದಲ್ಲಿ. ಶಕ್ತಿಯನ್ನು ಕಾಲು ಭಾಗಕ್ಕೆ ಇಳಿಸಿದರೂ ವೇಗ ಶೇ 60ಕ್ಕಿಂತ ಮೇಲೇ ಉಳಿಯುತ್ತದೆ, ಓಡುವ ಹೊತ್ತು ಮೂರು ಗಂಟೆ ದಾಟುತ್ತದೆ. ಅವಸರ ಇಲ್ಲದವರಿಗೆ ಇದು ಧಾರಾಳ. ಈಪ್ರೊಪಲ್ಷನ್ ಸ್ಪಿರಿಟ್ 1.0 ಪ್ಲಸ್‌ನ ಬ್ಯಾಟರಿ 1,276 ವ್ಯಾಟ್-ಅವರ್, ಕೈಜಾರಿ ನೀರಿಗೆ ಬಿದ್ದರೆ ತೇಲುತ್ತದೆ ಕೂಡ.

ಪೆಟ್ರೋಲಿನ ಬಲ ಇರುವುದು ಬೇರೆ ಕಡೆ. ಒಂದು ಲೀಟರಿನಲ್ಲಿ ಸುಮಾರು 9 ಕಿಲೋವ್ಯಾಟ್-ಅವರ್ ಶಾಖ ಇದೆ. ಚಿಕ್ಕ ಎಂಜಿನ್ ಅದರಲ್ಲಿ ಬಹುಪಾಲು ಪೋಲು ಮಾಡಿದರೂ 2 ಕಿಲೋವ್ಯಾಟ್-ಅವರ್ ಆಸುಪಾಸು ಶಾಫ್ಟಿಗೆ ಸಿಗುತ್ತದೆ. ಅಂದರೆ ಟಾರ್ಕೀಡೊ ಬ್ಯಾಟರಿಯ ಎರಡರಷ್ಟು. 12 ಲೀಟರಿನ ಕ್ಯಾನ್ ಎಂದರೆ ಎಷ್ಟಾಯಿತು ನೋಡಿ. ಎದುರು ಸೆಳೆತದಲ್ಲಿ ಎರಡು ಗಂಟೆ ಜೋರಾಗಿ ತಳ್ಳಬೇಕಾದ ಜಾಗದಲ್ಲಿ ನಾನು ಇನ್ನೂ ಪೆಟ್ರೋಲನ್ನೇ ನಂಬುತ್ತೇನೆ.

ಇಂಥ ಎಲೆಕ್ಟ್ರಿಕ್ ಮೋಟಾರುಗಳ ‘3 ಎಚ್‌ಪಿಗೆ ಸಮ’ ಎಂಬ ಜಾಹೀರಾತಿನ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ, ಪೂರ್ತಿ ನಂಬಲೂ ಬೇಡಿ. 1,100 ವ್ಯಾಟ್ ಎಂದರೆ ಒಂದೂವರೆ ಎಚ್‌ಪಿ. ದೊಡ್ಡ, ನಿಧಾನದ ಪ್ರೊಪೆಲ್ಲರಿನಿಂದ ತಳ್ಳುವ ಬಲ ಜಾಸ್ತಿ ಸಿಗುತ್ತದೆ, ಅದು ನಿಜ. ಆದರೆ ಕ್ಯಾಟಲಿನಾ 22ನ್ನು ಬಿರುಗಾಳಿಯ ಎದುರು ಒಯ್ಯಲು ಅದು ಸಾಲದು.

ರಿವರ್ಸ್ ಗೇರ್ ಇಲ್ಲದ ಚಿಕ್ಕ ಮೋಟಾರ್ ಸಾಕಾ?

ಹೋಂಡಾ 2.3, ಸುಜುಕಿ 2.5 ತರದವುಗಳಲ್ಲಿ ರಿವರ್ಸ್ ಇಲ್ಲ. ಇಡೀ ಮೋಟಾರನ್ನು ಹಿಂದಕ್ಕೆ ತಿರುಗಿಸಬೇಕು. 16 ಅಡಿಯ ಹಗುರ ದೋಣಿಗೆ ಪರವಾಗಿಲ್ಲ. ಒಂದು ಟನ್ ಮೇಲಿನ ದೋಣಿಗೆ ಮುಂದೆ, ನ್ಯೂಟ್ರಲ್, ರಿವರ್ಸ್ ಮೂರೂ ಇರಲಿ. ಗೇರ್ ಲಿವರ್ ಮುಂಭಾಗದಲ್ಲಿ ಇದ್ದರೆ ಕೈಗೆ ಸಿಗುತ್ತದೆ. ಪಕ್ಕದಲ್ಲಿದ್ದರೆ ದೋಣಿಯ ಆಚೆ ಬಗ್ಗಿ ಹುಡುಕಬೇಕು.

ಒಳಗಿನ ಟ್ಯಾಂಕ್ ಸಾಕಾ, ಹೊರಗಿನದು ಬೇಕಾ?

ಒಳಗಿನದು ಸಾಮಾನ್ಯವಾಗಿ ಒಂದು ಲೀಟರಿನ ಆಸುಪಾಸು. 6 ಎಚ್‌ಪಿ ಮೋಟಾರ್ ಪೂರ್ತಿ ಜೋರಿನಲ್ಲಿ ಗಂಟೆಗೆ ಸುಮಾರು 2 ಲೀಟರ್ ಕುಡಿಯುತ್ತದೆ, ಹದವಾಗಿ ಓಡಿಸಿದರೆ ಅದರ ಅರ್ಧ. ಅಲೆಯಲ್ಲಿ ತೂಗುತ್ತ, ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಹುಯ್ಯುವುದು ಯಾರಿಗೂ ಬೇಡ. 12 ಲೀಟರಿನ ಹೊರಗಿನ ಟ್ಯಾಂಕ್ ಜೋಡಿಸುವ ಸೌಕರ್ಯ ಇರುವ ಮೋಟಾರನ್ನೇ ತಗೊಳ್ಳಿ.

ಟ್ಯಾಂಕನ್ನು ಕ್ಯಾಬಿನ್ ಒಳಗೆ ಇಡಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ದೋಣಿಯ ತಳದಲ್ಲಿ ಸೇರಿಕೊಂಡು ಒಂದು ಕಿಡಿಗೆ ಕಾಯುತ್ತದೆ. ಗಾಳಿಯಾಡುವ, ಹೊರಗೆ ಬಸಿಯುವ ಲಾಕರ್ ಇರಲಿ.

ಈಗ ಬಂಕಿನಲ್ಲಿ ಸಿಗುವುದೆಲ್ಲ ಎಥನಾಲ್ ಪೆಟ್ರೋಲ್. ತೊಂದರೆ ಇದೆಯಾ?

ಇದೆ, ಅದರಲ್ಲೂ ಭಾರತದಲ್ಲಿ. ಇಲ್ಲಿ ಈಗ ಬಂಕಿಗೆ ಬರುತ್ತಿರುವುದು ಶೇ 20 ಎಥನಾಲ್ ಬೆರೆಸಿದ ಇ20. ಔಟ್‌ಬೋರ್ಡ್ ಕಂಪನಿಗಳ ಕೈಪಿಡಿ ತೆಗೆದು ನೋಡಿದರೆ ಸಾಮಾನ್ಯವಾಗಿ ಶೇ 10 ಮೀರಬಾರದು ಎಂದಿರುತ್ತದೆ. ಕೊಳ್ಳುವ ಮೊದಲೇ ಡೀಲರ್ ಹತ್ತಿರ ಇದನ್ನು ನೇರವಾಗಿ ಕೇಳಿ: ಇ20 ಹಾಕಿದರೆ ವಾರಂಟಿ ಇರುತ್ತದಾ? ಉತ್ತರವನ್ನು ಬರೆದುಕೊಡಲು ಹೇಳಿ.

ಎಥನಾಲ್ ಗಾಳಿಯ ತೇವ ಹೀರುತ್ತದೆ. ನೀರು ಜಾಸ್ತಿಯಾದರೆ ಎಥನಾಲ್ ನೀರಿನ ಜೊತೆ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಹಳೆಯ ರಬ್ಬರ್ ಪೈಪನ್ನೂ ತಿನ್ನುತ್ತದೆ. ಕಾರಿನ ಟ್ಯಾಂಕ್ ವಾರದಲ್ಲಿ ಖಾಲಿಯಾಗುತ್ತದೆ. ಹಾಯಿದೋಣಿಯ ಕ್ಯಾನ್ ತಿಂಗಳುಗಟ್ಟಲೆ ಕಡಲ ಗಾಳಿಯಲ್ಲಿ ಕೂತಿರುತ್ತದೆ. ತೊಂದರೆಯ ಬೇರು ಅಲ್ಲೇ ಇದೆ. ಸ್ವಲ್ಪ ಸ್ವಲ್ಪವೇ ತನ್ನಿ. ಉಳಿದದ್ದನ್ನು ಗಾಡಿಗೆ ಹಾಕಿ. ಕ್ಯಾನಿಗೂ ಎಂಜಿನ್‌ಗೂ ನಡುವೆ ನೀರು ಬೇರ್ಪಡಿಸುವ ಫಿಲ್ಟರ್ ಇಡಿ. ಒಂದೆರಡು ವಾರ ಓಡಿಸುವುದಿಲ್ಲ ಎಂದಾದರೆ ಕಾರ್ಬ್ಯುರೇಟರಿನ ಪೆಟ್ರೋಲನ್ನು ಬಸಿದುಬಿಡಿ. ಚಿಕ್ಕ ಔಟ್‌ಬೋರ್ಡ್ ಸ್ಟಾರ್ಟ್ ಆಗದಿದ್ದರೆ ಮೊದಲು ನೋಡಬೇಕಾದದ್ದು ಅಂಟು ಹಿಡಿದ ಕಾರ್ಬ್ಯುರೇಟರ್.

ಅಮೆರಿಕದಲ್ಲಿ ಇ10 ಮಾಮೂಲು. ಕೆಲವು ಬಂಕುಗಳಲ್ಲಿ ಎಥನಾಲ್ ಇಲ್ಲದ ಪೆಟ್ರೋಲೂ ಸಿಗುತ್ತದೆ, ಬೆಲೆ ಜಾಸ್ತಿ, ದೋಣಿಗೆ ಅದನ್ನೇ ತನ್ನಿ. ಇ15 ಪಂಪಿನ ಮೇಲೆ ದೋಣಿಗೆ ಹಾಕಬಾರದು ಎಂದೇ ಬರೆದಿರುತ್ತದೆ.

ಸೆಲ್ಫ್ ಸ್ಟಾರ್ಟ್ ಬೇಕಾ? ಬ್ಯಾಟರಿ ಚಾರ್ಜ್ ಆಗುತ್ತದಾ?

6 ಎಚ್‌ಪಿ ತನಕ ಹಗ್ಗ ಎಳೆಯುವುದು ಕಷ್ಟವಲ್ಲ. ಭುಜದ ನೋವಿರುವವರು, ವಯಸ್ಸಾದವರು ದೋಣಿಯಲ್ಲಿದ್ದರೆ ಸೆಲ್ಫ್ ಸ್ಟಾರ್ಟ್ ಇರಲಿ, ಅದು ಐಷಾರಾಮವಲ್ಲ. ಚಾರ್ಜಿಂಗ್ ವಿಷಯಕ್ಕೆ ಬಂದರೆ, ಚಿಕ್ಕ ಮೋಟಾರುಗಳ ಕಾಯಿಲ್ 12 ವೋಲ್ಟಿನಲ್ಲಿ ಸುಮಾರು 5 ಆಂಪ್ ಕೊಡುತ್ತದೆ, ಅದೂ ಜೋರಾಗಿ ಓಡಿಸಿದಾಗ. ದಿನಕ್ಕೆ ಕಾಲು ಗಂಟೆ ಓಡುವ ಮೋಟಾರಿನಿಂದ ಬ್ಯಾಟರಿ ತುಂಬುವುದಿಲ್ಲ. 50 ವ್ಯಾಟಿನ ಒಂದು ಸೋಲಾರ್ ಪ್ಯಾನೆಲ್ ಇದಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ.

ಸೆಕೆಂಡ್ ಹ್ಯಾಂಡ್ ಮೋಟಾರ್ ನೋಡಲು ಹೋದಾಗ ಏನು ನೋಡಬೇಕು?

ಹೋಗುವ ಮೊದಲೇ ಫೋನಿನಲ್ಲಿ ಹೇಳಿ: ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ. ತಣ್ಣಗಿರುವ ಎಂಜಿನ್ ಹೇಗೆ ಹೊತ್ತಿಕೊಳ್ಳುತ್ತದೆ ಎಂಬುದೇ ಅರ್ಧ ಕಥೆ ಹೇಳುತ್ತದೆ. ಹೋದಾಗ ಕೈಯಿಟ್ಟು ನೋಡಿ, ಬೆಚ್ಚಗಿದ್ದರೆ ಯಾಕೆಂದು ಕೇಳಿ.

ಡ್ರಮ್ಮಿನ ನೀರಿನಲ್ಲಿ ಓಡಿಸಿ. ಹಿಂದಿನ ಪುಟ್ಟ ರಂಧ್ರದಿಂದ ನೀರು ಸರಾಗವಾಗಿ ಚಿಮ್ಮಬೇಕು. ತೊಟ್ಟಿಕ್ಕಿದರೆ ಇಂಪೆಲ್ಲರ್ ಹೋಗಿದೆ, ಇಲ್ಲವೇ ಒಳದಾರಿಯಲ್ಲಿ ಉಪ್ಪು ಕಟ್ಟಿದೆ. ಮೊದಲನೆಯದು ಚಿಕ್ಕ ಖರ್ಚು, ಎರಡನೆಯದು ದೊಡ್ಡದು. ಕೆಳಗಿನ ಸ್ಕ್ರೂ ಸ್ವಲ್ಪ ಸಡಿಲಿಸಿ ಗೇರ್ ಆಯಿಲ್ ನೋಡಿ. ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ದರೆ ಸೀಲ್ ಒಳಗೆ ನೀರು ಬಂದಿದೆ. ಪ್ರೊಪೆಲ್ಲರ್ ಹಿಂದೆ ಮೀನಿನ ದಾರ ಸುತ್ತಿಕೊಂಡಿದ್ದರೆ ಸೀಲ್ ಹೋಗಲು ಅದೇ ಕಾರಣ ಇರಬಹುದು. ಹಿಡಿಕೆಯ ಸ್ಕ್ರೂಗಳು, ಮೇಲೆತ್ತುವ ಕೀಲು ಸಲೀಸಾಗಿ ತಿರುಗುತ್ತವಾ ನೋಡಿ. ಸೀರಿಯಲ್ ನಂಬರ್ ಕೆರೆದು ಹಾಕಿದ್ದರೆ ಅಲ್ಲಿಂದ ಹೊರಟುಬಿಡಿ. ಕಳವಿನ ಮಾಲು ಇದ್ದೀತು.

ಶಾಫ್ಟ್ ಉದ್ದವನ್ನು ಟೇಪ್ ಹಿಡಿದು ನೀವೇ ಅಳೆಯಿರಿ. ಮಾರುವವರ ಬಾಯಿಮಾತು ಸಾಲದು.

ಉಪ್ಪುನೀರಿನಲ್ಲಿ ಓಡಿಸಿದರೆ ಎಷ್ಟು ವರ್ಷ ಬಾಳುತ್ತದೆ?

ನೀವು ತೊಳೆಯುವುದರ ಮೇಲೆ ನಿಂತಿದೆ. ಪ್ರತಿ ಸಲ ವಾಪಸ್ ಬಂದ ಮೇಲೆ ಸಿಹಿನೀರಿನಲ್ಲಿ ಐದು-ಹತ್ತು ನಿಮಿಷ ಓಡಿಸಿ. ನೀರಿನಿಂದ ಮೇಲೆತ್ತಿ ಇಡಿ. ತುಕ್ಕನ್ನು ತನ್ನ ಮೇಲೆ ಎಳೆದುಕೊಳ್ಳುವ ಆನೋಡ್ ಅರ್ಧ ಸವೆದಾಗ ಬದಲಿಸಿ. ಇಂಪೆಲ್ಲರನ್ನು ವರ್ಷಕ್ಕೆ ಅಥವಾ ಎರಡು ವರ್ಷಕ್ಕೊಮ್ಮೆ ಬದಲಿಸಿ. ಫೋರ್-ಸ್ಟ್ರೋಕ್ ಮೋಟಾರನ್ನು ಕಾರಿನಲ್ಲಿ ಮಲಗಿಸಿ ಒಯ್ಯುವಾಗ ಯಾವ ಮಗ್ಗುಲು ಕೆಳಗಿರಬೇಕು ಎಂದು ಕೈಪಿಡಿಯಲ್ಲಿ ಚಿತ್ರ ಇರುತ್ತದೆ, ಹಾಗೇ ಮಲಗಿಸಿ. ತಪ್ಪು ಮಗ್ಗುಲಿಗೆ ಮಲಗಿಸಿದರೆ ಆಯಿಲ್ ಸಿಲಿಂಡರಿಗೆ ಇಳಿಯುತ್ತದೆ.

ಮೋಟಾರ್ ಹಾಕಿದರೆ ಕಾನೂನು ಬದಲಾಗುತ್ತದಾ?

ಬದಲಾಗುತ್ತದೆ. ಅಮೆರಿಕದಲ್ಲಿ ಮೋಟಾರ್ ಇರುವ ದೋಣಿಗೆ ರಾಜ್ಯದ ನೋಂದಣಿ ಬೇಕು. ಭಾರತದ ನದಿ, ಜಲಾಶಯಗಳಲ್ಲಿ ಎಂಜಿನ್‌ನಿಂದ ಓಡುವ ದೋಣಿಗಳಿಗೆ 2021ರ ಒಳನಾಡು ಹಡಗುಗಳ ಕಾಯ್ದೆ ಇದೆ.

ನೀರಿನ ಮೇಲಿನ ದಾರಿಯ ನಿಯಮವೂ ಬದಲಾಗುತ್ತದೆ, ಬಹಳ ಜನ ಇದನ್ನು ಮರೆಯುತ್ತಾರೆ. ಮೋಟಾರ್ ದೋಣಿಯನ್ನು ತಳ್ಳಲು ಶುರು ಮಾಡಿದ ಕ್ಷಣದಿಂದ, ಹಾಯಿ ಮೇಲಿದ್ದರೂ, ನಿಮ್ಮದು ಎಂಜಿನ್ ದೋಣಿ. ಬರೀ ಹಾಯಿಯಲ್ಲಿ ಬರುವವರಿಗೆ ನೀವು ದಾರಿ ಬಿಡಬೇಕು. ರಾತ್ರಿ ಅದಕ್ಕೆ ತಕ್ಕ ಬಿಳಿ ದೀಪ ಹಾಕಬೇಕು.

ಯಾವ ಕಂಪನಿ ಒಳ್ಳೆಯದು?

ಟೊಹಾಟ್ಸು, ಯಮಹಾ, ಸುಜುಕಿ, ಹೋಂಡಾ, ಮರ್ಕ್ಯುರಿ ಎಲ್ಲವೂ ಒಳ್ಳೆಯವೇ. ಮರ್ಕ್ಯುರಿಯ ಚಿಕ್ಕ ಮೋಟಾರುಗಳನ್ನು ಮಾಡಿಕೊಡುವುದು ಟೊಹಾಟ್ಸು. ನಿಮ್ಮ ಊರಿನಿಂದ ಒಂದು ಗಂಟೆಯೊಳಗೆ ಯಾವುದರ ಸರ್ವಿಸ್ ಇದೆಯೋ ಅದು. ಅಮೆರಿಕದಲ್ಲಿ 20ರಿಂದ 24 ಅಡಿಯ ದೋಣಿಗೆ ಒಂದು ಹೆಸರು ಹೇಳಲೇಬೇಕು ಎಂದರೆ, 6 ಎಚ್‌ಪಿ ಸೇಲ್ ಪ್ರೊ.

ನಡುನೀರಿನಲ್ಲಿ ಮೋಟಾರ್ ನಿಂತುಹೋದರೆ?

ಬಂದರಿನ ಬಾಯಿಯಲ್ಲೇ ನಿಲ್ಲಬಹುದು ಎಂದುಕೊಂಡೇ ಸಿದ್ಧವಾಗಿರಿ. ದಕ್ಕೆಗೆ ಪೂರ್ತಿ ಕಟ್ಟುವ ತನಕ ದೊಡ್ಡ ಹಾಯಿಗೆ ಕವರ್ ಹಾಕಬೇಡಿ, ಎಳೆದರೆ ಏರುವ ಹಾಗಿರಲಿ. ಲಂಗರು ಲಾಕರಿನ ತಳದಲ್ಲಿ ಇರದೆ, ಹಗ್ಗ ಕಟ್ಟಿ ಮುಂದೆ ಕೈಗೆ ಸಿಗುವಂತಿರಲಿ. ನಿಂತ ಕೂಡಲೇ ಮೊದಲು ನೋಡಬೇಕಾದ್ದು ಮೂರು: ಮಣಿಕಟ್ಟಿನ ಕಿಲ್ ಸ್ವಿಚ್ ಹಗ್ಗ (ಕಳಚಿದರೆ ಎಂಜಿನ್ ನಿಲ್ಲಿಸುವುದು) ಕಳಚಿದೆಯಾ, ಟ್ಯಾಂಕಿನ ಗಾಳಿ ಬಿಡುವ ಮುಚ್ಚಳ ತೆರೆದಿದೆಯಾ, ಪೈಪು ಮಡಚಿದೆಯಾ. ಇಷ್ಟು ನೋಡಲು ಒಂದು ನಿಮಿಷ ಸಾಕು. ಆಗಲೂ ಹೊತ್ತಿಕೊಳ್ಳದಿದ್ದರೆ ಮೋಟಾರಿನ ಜೊತೆ ಗುದ್ದಾಡುತ್ತ ಕೂರಬೇಡಿ. ಆಳ ಕಡಿಮೆ ಇದ್ದರೆ ಲಂಗರು ಬಿಡಿ, ಗಾಳಿ ಇದ್ದರೆ ಹಾಯಿ ಏರಿಸಿ, ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ. ಒಂದು ಹೊಸ ಪ್ಲಗ್, ಅದಕ್ಕೆ ತಕ್ಕ ಪಾನಾ, ಒಂದು ಶಿಯರ್ ಪಿನ್ (ಪ್ರೊಪೆಲ್ಲರ್ ಏನಕ್ಕಾದರೂ ಬಡಿದಾಗ ತಾನು ಮುರಿದು ಗೇರ್ ಉಳಿಸುವ ಪಿನ್), ಕೈಹಗ್ಗ ಇವು ಯಾವಾಗಲೂ ಮೋಟಾರಿನ ಹತ್ತಿರದ ಚೀಲದಲ್ಲೇ ಇರಬೇಕು.